ನುಂಗಿಸಿಕೊಳ್ಳುವ ವಿದ್ಯೆ

ಹಾಸಿಗೆ ಕಂಪನಿಯ ನಾಲ್ಕನೆಯ ಶಾಖೆಯಲ್ಲಿ ಅವನು ಹನ್ನೊಂದು ವರ್ಷದಿಂದ ಉಪ ವ್ಯವಸ್ಥಾಪಕ. ಅಷ್ಟುದ್ದದ ಪದವನ್ನು ದಿನಕ್ಕೆ ಐವತ್ತು ಸಲ ಹೇಳುವ ತಾಳ್ಮೆ ಯಾರಿಗಿದೆ? ವ್ಯವಸ್ಥಾಪಕ ಉದುರಿಹೋಗಿ ಬರೀ ಉಪ ಉಳಿಯಿತು. ಗೋದಾಮಿನಿಂದ ಫೋನ್ ಬಂದರೂ ಉಪ, ಲಾರಿಯವರು ಕೆಳಗಿನಿಂದ ಕೂಗಿದರೂ ಉಪ. ಕೊನೆಗೆ ಹೆಂಡತಿಯ ತಮ್ಮನೂ "ಉಪ ಭಾವ" ಎಂದು ಶುರುಮಾಡಿದ ಮೇಲೆ ಅವನು ಆ ಹೆಸರಿಗೇ ಸುಮ್ಮನೆ ಓಗೊಡತೊಡಗಿದ.

ಶಾಖೆ ಎರಡು ಅಂತಸ್ತಿನದು. ಕೆಳಗೆ ಶೋರೂಮು. ಹದಿನಾಲ್ಕು ಹಾಸಿಗೆಗಳು ಪ್ಲಾಸ್ಟಿಕ್ ಹೊದ್ದುಕೊಂಡು ಬಿದ್ದಿರುತ್ತವೆ. ಗಿರಾಕಿಗಳು ಬಂದು ಶೂ ಬಿಚ್ಚದೆ ಒರಗಿ, ಕಣ್ಣು ಮುಚ್ಚಿ, ಎರಡು ನಿಮಿಷ ಸುಖಪಟ್ಟು, "ಯೋಚನೆ ಮಾಡಿ ಹೇಳ್ತೀವಿ" ಎಂದು ಎದ್ದುಹೋಗುತ್ತಾರೆ. ಮೇಲೆ ಆಫೀಸು. ಆರು ಮೇಜು, ಅವುಗಳ ಎದುರಿಗೆ ಗಾಜಿನ ಗೋಡೆ, ಗಾಜಿನ ಹಿಂದೆ ಸಾಹೇಬರು. ಗಾಜಿನಿಂದಾಗಿ ಸಾಹೇಬರ ಮುಖ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಕಾಣುತ್ತಿತ್ತು. ಆ ಮುಖ ಗಂಟಿಕ್ಕಿದರೆ ಆರೂ ಮೇಜುಗಳು ಗಂಟಿಕ್ಕುತ್ತಿದ್ದವು. ಅದನ್ನು ಹದದಲ್ಲಿಡುವುದು ಉಪನ ಮುಖ್ಯ ಕೆಲಸ. ನೇಮಕಾತಿ ಪತ್ರದಲ್ಲಿ ಹಾಗೆಂದು ಬರೆದಿರಲಿಲ್ಲ; ಹನ್ನೊಂದು ವರ್ಷದಲ್ಲಿ ತಾನಾಗಿ ಬಂದು ಕೊರಳಿಗೆ ಬಿದ್ದದ್ದು.

ಒಂದು ಸೋಮವಾರ ಸಾಹೇಬರು ಬರುವಾಗಲೇ ಕಂಪ್ಯೂಟರಿನ ಕಡೆ ಓಡಿದರು. ಭಾನುವಾರ ತಂಗಿಯ ಮಗಳು ಒಂದು ಆಟ ತೋರಿಸಿಕೊಟ್ಟಿದ್ದಳಂತೆ. ಏನೂ ಇಳಿಸಿಕೊಳ್ಳುವುದು ಬೇಡ, ಬ್ರೌಸರಿನಲ್ಲಿ ತೆರೆದರೆ ಆಯಿತು. ನೀವು ಒಂದು ಬಣ್ಣದ ಉಂಡೆ. ಬಯಲಿನ ತುಂಬ ಚೆಲ್ಲಿರುವ ಚುಕ್ಕಿಗಳನ್ನು ತಿಂದು ದಪ್ಪಗಾಗಬೇಕು. ಎಲ್ಲೆಲ್ಲಿಯದೋ ಊರಿನ ಜನ ಅದೇ ಬಯಲಿನಲ್ಲಿ ಉಂಡೆಗಳಾಗಿ ಉರುಳುತ್ತಿರುತ್ತಾರೆ. ನಿಮಗಿಂತ ಸಣ್ಣವರ ಮೇಲೆ ನೀವು ಹೋದರೆ ಅವರು ನಿಮ್ಮ ಹೊಟ್ಟೆಯೊಳಗೆ. ನಿಮಗಿಂತ ದೊಡ್ಡವರು ನಿಮ್ಮ ಮೇಲೆ ಬಂದರೆ ನೀವು ಅವರ ಹೊಟ್ಟೆಯೊಳಗೆ. ದಪ್ಪಗಾದಷ್ಟೂ ನಡಿಗೆ ನಿಧಾನ. ಅಲ್ಲಲ್ಲಿ ಹಸಿರು ಮುಳ್ಳುಗುಂಡುಗಳಿರುತ್ತವೆ. ದೊಡ್ಡ ಉಂಡೆ ಅದಕ್ಕೆ ತಾಗಿದರೆ ಒಡೆದು ಚೂರುಚೂರು. ಇಷ್ಟೇ ಆಟ.

ಸಾಹೇಬರು "ಸಿಂಹ" ಎಂದು ಹೆಸರು ಕೊಟ್ಟುಕೊಂಡು ಬಯಲಿಗಿಳಿದರು. ಅರ್ಧ ನಿಮಿಷದಲ್ಲಿ ಮುಖ ಗಂಟಿಕ್ಕಿತು. ಮತ್ತೆ ಇಳಿದರು, ಮತ್ತೆ ಗಂಟಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಉಪನನ್ನು ಒಳಗೆ ಕರೆದರು.

"ಯಾವನೋ ಬದನೆಕಾಯಿ ಅಂತ ಹೆಸರಿಟ್ಕೊಂಡಿದಾನೆ ಕಣ್ರೀ. ನನ್ನನ್ನ ಮೂರು ಸಲ ನುಂಗಿದ."

"ಅವನಿಗೆ ನೀವು ಯಾರು ಅಂತ ಗೊತ್ತಿಲ್ಲ ಸಾರ್," ಎಂದ ಉಪ.

ಸಾಂತ್ವನಕ್ಕೆಂದು ಆಡಿದ ಮಾತು ಅದು. ಆದರೆ ತನ್ನ ಮೇಜಿಗೆ ಮರಳಿ ಕುಳಿತ ಮೇಲೆ ಅದರಲ್ಲೇ ಉಪಾಯವೂ ಇದೆಯೆಂದು ಅವನಿಗೆ ಹೊಳೆಯಿತು. ಗೊತ್ತಿಲ್ಲದವರ ಜೊತೆ ಆಡಿದರೆ ತಾನೇ ಈ ಅವಮಾನ? ಅವನು ಆಟದ ಪುಟವನ್ನೆಲ್ಲ ತಡಕಾಡಿ, ಬೇಕಾದವರಷ್ಟೇ ಸೇರಿ ಆಡುವ ಖಾಸಗಿ ಬಯಲೊಂದನ್ನು ಕಂಡುಹಿಡಿದ. ಮಂಗಳವಾರ ಬೆಳಿಗ್ಗೆ ಶಾಖೆಯ ಏಳೂ ಜನರನ್ನು ಗೋದಾಮಿನಲ್ಲಿ ಸೇರಿಸಿ, ಸ್ಪ್ರಿಂಗ್ ಹಾಸಿಗೆಗಳ ಅಟ್ಟಿಯ ಮರೆಯಲ್ಲಿ ನಿಂತು ವಿಷಯ ಹೇಳಿದ. ದಿನಾ ಮೂರರಿಂದ ಮೂರೂವರೆ. ಎಲ್ಲರೂ ಬಯಲಿಗೆ ಬರಬೇಕು, ಚುಕ್ಕಿ ತಿಂದು ಮೈಗೂಡಿಸಿಕೊಳ್ಳಬೇಕು, ಆಮೇಲೆ ಒಬ್ಬೊಬ್ಬರಾಗಿ ಸಾಹೇಬರ ಬಾಯಿಗೆ ಬೀಳಬೇಕು.

"ಮೊದಲು ಯಾರು ಬೀಳ್ಬೇಕು?" ಎಂದು ಕೇಳಿದರು ಗೋದಾಮಿನ ಹಿರಿಯರು. ಅವರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. "ನಾನು ಇಲ್ಲಿಗೆ ಬಂದು ಇಪ್ಪತ್ತೊಂಬತ್ತು ವರ್ಷ ಆಯ್ತು. ನಿನ್ನೆ ಮೊನ್ನೆ ಬಂದೋರು ನನಗಿಂತ ಮುಂಚೆ ಬೀಳೋದು ಸರಿ ಕಾಣ್ಸಲ್ಲ."

ಅದೂ ನಿಜವೆನ್ನಿಸಿ ಉಪ ಸೇವಾ ಹಿರಿತನದ ಪ್ರಕಾರವೇ ನುಂಗಿಸಿಕೊಳ್ಳತಕ್ಕದ್ದೆಂದು ತೀರ್ಮಾನಿಸಿದ. ಶೋರೂಮು ನೋಡಿಕೊಳ್ಳುವಾಕೆ ಮಾತ್ರ ನಕ್ಕಳು. ಎರಡು ಮಕ್ಕಳ ತಾಯಿ, ಮಾತಿನಲ್ಲಿ ಚುರುಕು. ಶೂ ಹಾಕಿಕೊಂಡು ಒರಗಿದ ಗಿರಾಕಿಯ ಕಾಲನ್ನು ನಗುನಗುತ್ತಲೇ ಕೆಳಗಿಳಿಸಬಲ್ಲವಳು. "ನನಗೆ ಕೊನೇ ಸರದಿ ಇರ್ಲಿ ಸಾರ್. ಮೂರು ಗಂಟೆಗೆ ಗಿರಾಕಿ ಇರ್ತಾರೆ. ಒಂದ್ಕೈಲಿ ಸ್ಪ್ರಿಂಗ್ ತೋರಿಸ್ತಾ ಇನ್ನೊಂದ್ಕೈಲಿ ಸಾಯ್ತೀನಿ."

ಮೊದಲ ದಿನವೇ ಸಿಂಹ ಬಯಲಿನ ಅರ್ಧವನ್ನು ತುಂಬಿಕೊಂಡಿತು. ಗಾಜಿನ ಹಿಂದಿನ ಮುಖ ಹುಣ್ಣಿಮೆಯಾಯಿತು. ಆ ವಾರ ಯಾರಿಗೂ ಬೈಗುಳವಿಲ್ಲ. ಹಾಸಿಗೆ ಕುಸಿದಿದೆಯೆಂದು ದೂರು ತಂದವರಿಗೂ ಸಾಹೇಬರು ಕುರ್ಚಿ ಹಾಕಿಸಿ ಮಾತಾಡಿದರು.

ಆದರೆ ನುಂಗಿಸಿಕೊಳ್ಳುವುದು ಅಂದುಕೊಂಡಷ್ಟು ಸುಲಭದ ಕೆಲಸವಾಗಿರಲಿಲ್ಲ. ತೀರ ಸಣ್ಣಗೆ ಹೋದರೆ ಸಾಹೇಬರ ಹೊಟ್ಟೆ ತುಂಬುವುದಿಲ್ಲ. ತುಸು ದಪ್ಪಗಾದರೆ ಅವರಿಗೆ ನುಂಗಲಾಗುವುದಿಲ್ಲ, ಮುಜುಗರ. ಅವರಿಗಿಂತ ಕಾಲು ಭಾಗ ಕಡಿಮೆ ಇರುವ ಹೊತ್ತು ನೋಡಿ ಎದುರಾಗಬೇಕು. ನೇರವಾಗಿ ಹೋಗಿ ಬಿದ್ದರೂ ಆಗದು, ಏಕೆಂದರೆ ಸಾಹೇಬರಿಗೆ ದಾನ ಬೇಡ, ಬೇಟೆ ಬೇಕು. ಆದ್ದರಿಂದ ಸ್ವಲ್ಪ ಓಡಬೇಕು, ಅಡ್ಡಾದಿಡ್ಡಿ ತಿರುಗಬೇಕು, ಬಯಲಿನ ಮೂಲೆಗೆ ಹೋಗಿ ದಿಕ್ಕು ತೋಚದವನಂತೆ ನಿಲ್ಲಬೇಕು. ನುಂಗಿದ ಮೇಲೆ ಗಾಜಿನಾಚೆಗೂ ಕೇಳುವಂತೆ ಒಂದು ನಿಟ್ಟುಸಿರು ಬಿಡಬೇಕು. ದಾರಿಯಲ್ಲಿ ಮುಳ್ಳುಗುಂಡು ಬಂದರೆ ಸಾಹೇಬರಿಗೆ ತಾಗದಂತೆ ಅವರನ್ನು ಬೇರೆ ಕಡೆ ಎಳೆದುಕೊಂಡು ಹೋಗಬೇಕು. ಇದೆಲ್ಲ ಉಪನಿಗೆ ಒಂದು ತಿಂಗಳಲ್ಲಿ ಕರಗತವಾಯಿತು. ಕಣ್ಣಳತೆಯಲ್ಲೇ ಯಾರು ಯಾರಿಗಿಂತ ಎಷ್ಟು ದಪ್ಪ ಎಂದು ಹೇಳಬಲ್ಲವನಾದ. ಇಡೀ ಶಾಖೆಯಲ್ಲಿ ಆಟ ನಿಜವಾಗಿ ಬರುತ್ತಿದ್ದದ್ದು ಅವನೊಬ್ಬನಿಗೆ, ಆದರೆ ಹಾಗೆಂದು ಅವನಿಗೇ ಅನ್ನಿಸಿರಲಿಲ್ಲ.

ಅವನ ಹೆಂಡತಿ ಈಜುಕೊಳದಲ್ಲಿ ಈಜು ಕಲಿಸುವವಳು. ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಅವನು ಅಂದಿನ ಆಟವನ್ನು ವರ್ಣಿಸುತ್ತಿದ್ದ. ಒಂದು ದಿನ ಅವಳು ಚಾಕು ಕೆಳಗಿಟ್ಟಳು.

"ರೀ, ಮುಳುಗೋರನ್ನ ಮೇಲೆತ್ತೋದಕ್ಕೆ ನನಗೆ ಸಂಬಳ ಕೊಡ್ತಾರೆ. ಮುಳುಗೋದಕ್ಕೆ ನಿಮಗೆ ಕೊಡ್ತಾರೆ."

"ಆಫೀಸ್‌ನಲ್ಲಿ ಶಾಂತಿ ಇದೆ ಮಾರಾಯ್ತಿ."

"ಕೊಳದ ತಳದಲ್ಲೂ ಇರುತ್ತೆ," ಎಂದು ಅವಳು ಬೀನ್ಸ್ ಕಡೆ ತಿರುಗಿದಳು.

ಇತ್ತ ಸಾಹೇಬರಿಗೆ ತಾವು ಮಹಾ ಆಟಗಾರರೆಂಬ ನಂಬಿಕೆ ಬೇರೂರಿತು. ಮೂರೂವರೆಗೆ ಆಟ ಮುಗಿಸಿ ಗಾಜಿನ ಬಾಗಿಲು ತೆರೆದು ನಿಂತು ಪಾಠ ಹೇಳತೊಡಗಿದರು. "ಇದು ಆಟ ಅಲ್ಲ, ಆಡಳಿತ. ಹೆದರದೆ ಮುಂದೆ ಹೋದ್ರೆ ಎದುರಿಗಿರೋರು ತಾವಾಗೇ ಕರಗ್ತಾರೆ. ನಾನು ಗಮನಿಸಿದೀನಿ." ಏಳೂ ಜನ ತಲೆಯಾಡಿಸುತ್ತಿದ್ದರು. ಗೋದಾಮಿನ ಹಿರಿಯರು ಬರೆದುಕೊಳ್ಳುತ್ತಲೂ ಇದ್ದರು. ಏನು ಬರೆದುಕೊಳ್ಳುತ್ತಿದ್ದರೋ ಯಾರೂ ಕೇಳಲಿಲ್ಲ.

ಆ ವರ್ಷದ ವ್ಯವಸ್ಥಾಪಕರ ಸಭೆಯಲ್ಲಿ ಸಾಹೇಬರು ಈ ಸಿದ್ಧಾಂತವನ್ನು ಮಂಡಿಸಿದರು. ಮಂಡಿಸಿದ ಮೇಲೆ ತಿಳಿಯಿತು, ಉಳಿದ ಏಳು ಶಾಖೆಗಳ ವ್ಯವಸ್ಥಾಪಕರೂ ಅದೇ ಆಟ ಆಡುತ್ತಾರೆ, ಪ್ರತಿಯೊಬ್ಬರೂ ತಂತಮ್ಮ ಶಾಖೆಯಲ್ಲಿ ಒಮ್ಮೆಯೂ ಸೋತಿಲ್ಲ. ಅಧ್ಯಕ್ಷತೆ ವಹಿಸಿದ್ದವರು ಕಂಪನಿಯ ಒಡತಿ. ಕಂಪನಿ ಕಟ್ಟಿದವರ ಮಗಳು, ಎಪ್ಪತ್ತರ ಹತ್ತಿರದ ವಯಸ್ಸು. ಎಂಟು ಶಾಖೆಗಳಲ್ಲೂ ಎಲ್ಲರ ಬಾಯಲ್ಲಿ ದೊಡ್ಡಮ್ಮ. ಅವರು ಕನ್ನಡಕದ ಮೇಲಿಂದ ಎಂಟೂ ಜನರನ್ನು ಒಮ್ಮೆ ನೋಡಿದರು.

"ಎಂಟೂ ಜನ ಸೋತೇ ಇಲ್ವಾ? ಹಾಗಾದ್ರೆ ಒಂದಿನ ನನ್ನೆದುರಿಗೆ ಆಡಿ. ನಿಮ್ಮ ನಿಮ್ಮ ಉಪಗಳನ್ನೂ ಕರ್ಕೊಂಡ್ಬನ್ನಿ."

ಗೆದ್ದವರಿಗೆ ಕೇಂದ್ರ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆಂಬ ಗುಲ್ಲು ಸಂಜೆಯೊಳಗೆ ಎಂಟೂ ಶಾಖೆಗಳಿಗೆ ಹರಡಿತು. ಸಾಹೇಬರು ಉಪನ ಹೆಗಲ ಮೇಲೆ ಕೈಯಿಟ್ಟರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. "ನೀವು ನನ್ನ ಹತ್ತಿರಾನೇ ಇರಿ. ಏನೂ ಮಾಡಬೇಡಿ, ಹತ್ತಿರ ಇರಿ ಸಾಕು." ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಹೇಳಿಕೊಳ್ಳಲಿಲ್ಲ, ಅಷ್ಟೇ.

ಪಂದ್ಯ ಬೆಳಿಗ್ಗೆ ಹನ್ನೊಂದಕ್ಕೆ, ಕೇಂದ್ರ ಕಚೇರಿಯ ತರಬೇತಿ ಕೋಣೆಯಲ್ಲಿ. ಹದಿನಾರು ಕಂಪ್ಯೂಟರು, ಗೋಡೆಯ ಮೇಲೆ ದೊಡ್ಡ ಪರದೆ, ಮುಂದಿನ ಕುರ್ಚಿಯಲ್ಲಿ ದೊಡ್ಡಮ್ಮ. ಪಕ್ಷಪಾತವಾಗಬಾರದೆಂದು ಹೆಸರುಗಳನ್ನು ತೆಗೆಸಿದ್ದರು. ಚೀಟಿ ಎತ್ತಿ ಸಿಕ್ಕಿದ ಬಣ್ಣವೇ ಗುರುತು. ಒಮ್ಮೆ ನುಂಗಿಸಿಕೊಂಡರೆ ಮುಗಿಯಿತು, ಮತ್ತೆ ಬರುವಂತಿಲ್ಲ. ಸಾಹೇಬರಿಗೆ ಕೇಸರಿ ಬಂತು. ಉಪನಿಗೆ ತಿಳಿನೀಲಿ.

ಆಟ ಶುರುವಾದ ಎರಡೇ ನಿಮಿಷಕ್ಕೆ ಉಪನಿಗೆ ಒಂದು ವಿಚಿತ್ರ ಕಂಡಿತು. ಬಯಲಿನಲ್ಲಿ ಎಂಟು ಉಂಡೆಗಳು ಅಂಜಿಕೆ ಅಳುಕಿಲ್ಲದೆ ಎದೆಯುಬ್ಬಿಸಿಕೊಂಡು ಹೋಗುತ್ತಿವೆ. ಉಳಿದವು ಅವುಗಳ ಸುತ್ತ ಸುಳಿಯುತ್ತ, ಅರ್ಧ ತಿರುಗುತ್ತ, ಓಡುವಂತೆ ಮಾಡಿ ನಿಲ್ಲುತ್ತಿವೆ. ಆ ನಡಿಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ತಲೆಯೆತ್ತಿ ನೋಡಿದ. ಸಾಲಿನುದ್ದಕ್ಕೂ ಏಳು ಮಂದಿ ನಡುವಯಸ್ಸಿನ ಗಂಡಸರು ಹೆಂಗಸರು, ತನ್ನ ಹಾಗೇ ಬೆನ್ನು ಬಾಗಿಸಿ, ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ತಂತಮ್ಮ ಸಾಹೇಬರ ಮುಖದ ಮೇಲೆ. ಒಬ್ಬಾಕೆ ನಿಟ್ಟುಸಿರಿಗೆ ಆಗಲೇ ಉಸಿರು ಎಳೆದುಕೊಂಡಿದ್ದಳು.

ಎಡವಟ್ಟು ಶುರುವಾದದ್ದು ಎರಡನೆಯ ಶಾಖೆಯಿಂದ. ಅಲ್ಲಿಯ ಸಾಹೇಬರದು ಆಕಾಶನೀಲಿ. ಅವರ ಉಪ ಅವಸರದಲ್ಲಿ ಕನ್ನಡಕ ಮರೆತು ಬಂದಿದ್ದ. ಆಕಾಶನೀಲಿಗೂ ತಿಳಿನೀಲಿಗೂ ಇರುವ ಒಂದು ಹನಿ ವ್ಯತ್ಯಾಸ ಕಾಣದೆ, ಚುಕ್ಕಿ ತಿಂದು ತಿಂದು ಕೊಬ್ಬಿಸಿದ ತನ್ನ ಮೈಯನ್ನು ತಂದು ನಮ್ಮ ಉಪನೊಳಗೆ ಸುರಿದುಬಿಟ್ಟ. ಸುರಿದು, ತೃಪ್ತಿಯಿಂದ ತನ್ನ ಸಾಹೇಬರ ಕಡೆ ನೋಡಿ ನಕ್ಕ. ಅವರು ನಗಲಿಲ್ಲ.

ಉಪ ಒಂದೇ ಏಟಿಗೆ ಬಯಲಿನ ಅತಿ ದೊಡ್ಡ ಉಂಡೆಯಾದ. ಸಣ್ಣಗಾಗುವುದು ಹೇಗೆಂದು ಯೋಚಿಸುವಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿ ಸಾಹೇಬರು "ಇದೇನ್ರೀ ಇದು" ಎಂದರು. ಅವರು ನೆಟ್ಟಗೆ ಹೋಗಿ ಮುಳ್ಳುಗುಂಡಿಗೆ ಗುದ್ದಿದ್ದರು. ಒಂದು ವರ್ಷದಿಂದ ಅವರನ್ನು ಮುಳ್ಳಿನಿಂದ ಉಪ ತಪ್ಪಿಸುತ್ತಲೇ ಬಂದಿದ್ದರಿಂದ, ಅದು ಚುಚ್ಚುತ್ತದೆಂಬುದೇ ಅವರಿಗೆ ತಿಳಿದಿರಲಿಲ್ಲ, ಅಲಂಕಾರಕ್ಕೆ ಇಟ್ಟದ್ದೆಂದುಕೊಂಡಿದ್ದರು. ಕೇಸರಿ ಹನ್ನೆರಡು ಚೂರಾಯಿತು. ಅಕ್ಕಪಕ್ಕದವರು ಹನ್ನೊಂದನ್ನು ಮುಗಿಸಿದರು. ಉಳಿದ ಒಂದು, ಬಟಾಣಿ ಗಾತ್ರದ್ದು, ಉಪನ ಎದುರಿಗೆ ಬಂದು ನಿಂತಿತು.

ಉಪ ತಿರುಗಿ ಓಡಿದ. ದೇಹ ಭಾರ, ಕಾಲು ನಿಧಾನ. ಸಾಹೇಬರು ಸಣ್ಣಗಿದ್ದರಲ್ಲ, ವೇಗ ಹೆಚ್ಚು. ಎದುರಿಗಿರುವವರು ಓಡುತ್ತಾರೆಂದರೆ ನುಂಗಿಸಿಕೊಳ್ಳುವುದಕ್ಕೇ ಓಡುತ್ತಾರೆಂಬುದು ಅವರು ಕಂಡುಕೊಂಡ ಸತ್ಯ. ಅಟ್ಟಿಸಿಕೊಂಡು ಬಂದರು.

"ಸಾರ್, ಬೇಡಿ," ಎಂದು ಉಪ ತುಟಿಯಂಚಿನಲ್ಲಿ ಹೇಳಿದ. "ಸಾರ್, ನಾನು ದೊಡ್ಡವನಿದೀನಿ."

"ಬಾಯ್ಮುಚ್ಕೊಂಡು ಹತ್ತಿರ ಬನ್ನಿ," ಎಂದರು ಸಾಹೇಬರು, ಮತ್ತು ಬಂದು ಬಿದ್ದರು. ಕೇಸರಿ ತಿಳಿನೀಲಿಯೊಳಗೆ ಒಂದು ಕ್ಷಣ ಮಿಣುಕಿ ಆರಿಹೋಯಿತು.

ಆಗ ಉಪನಿಗೆ ಅನ್ನಿಸಿದ್ದನ್ನು ಅವನು ಆಮೇಲೆ ಯಾರ ಹತ್ತಿರವೂ ಪೂರ್ತಿ ಹೇಳಲಿಲ್ಲ. ಹೆದರಿಕೆ ಇತ್ತು, ಹೌದು. ಆದರೆ ಹೆದರಿಕೆಯ ಅಡಿಯಲ್ಲಿ, ನಾಲಿಗೆಯ ಬುಡದಲ್ಲಿ, ಏನೋ ಒಂದು ರುಚಿ ಸುಳಿದುಹೋಯಿತು.

ಅವನು ಓಡುತ್ತಲೇ ಇದ್ದ. ದೊಡ್ಡದೊಂದು ಉಂಡೆ ಓಡುವುದನ್ನು ಕಂಡ ಉಳಿದ ಏಳು ಸಾಹೇಬರೂ ಅದೇ ಸಿದ್ಧಾಂತದ ಮೇಲೆ ಅಟ್ಟಿಸಿಕೊಂಡು ಬಂದು ಒಬ್ಬರ ಹಿಂದೊಬ್ಬರು ಒಳಗೆ ಬಿದ್ದರು. ಅವರನ್ನು ಕಾಪಾಡಲು ಬಂದ ಉಪಗಳು, ಇನ್ನು ಬದುಕಿದ್ದು ಮಾಡುವುದೇನೆಂದು, ತಾವೂ ಬಿದ್ದರು. ಎಂಟು ನಿಮಿಷಕ್ಕೆ ಬಯಲಿನಲ್ಲಿ ತಿಳಿನೀಲಿ ಬಿಟ್ಟರೆ ಏನೂ ಇರಲಿಲ್ಲ.

"ಯಾರದು ಈ ನೀಲಿ?" ಎಂದರು ದೊಡ್ಡಮ್ಮ.

ಉಪ ಶಾಲೆಯ ಹುಡುಗನಂತೆ ಅರ್ಧ ಎದ್ದು ಅರ್ಧ ಕೈ ಎತ್ತಿದ. ಅಷ್ಟರಲ್ಲಿ ಪಕ್ಕದಲ್ಲಿ ಚಪ್ಪಾಳೆ ಕೇಳಿಸಿತು. ಸಾಹೇಬರು ಎದ್ದು ನಿಂತಿದ್ದರು.

"ನಾನೇ ಬೆಳೆಸಿದ್ದು ಅಮ್ಮಾ. ಕೊನೇಲಿ ಬೇಕಂತಲೇ ಹೋಗಿ ಅವನಿಗೆ ಆಹಾರ ಆದೆ. ಮೇಲಿನವನು ಅನ್ನಿಸ್ಕೊಂಡೋನು ತನ್ನ ಕೈಕೆಳಗಿನೋರಿಗೆ ತನ್ನನ್ನೇ ಕೊಟ್ಕೊಬೇಕು. ಅದೇ ನನ್ನ ತತ್ವ."

ಉಳಿದ ಏಳು ಜನ ವ್ಯವಸ್ಥಾಪಕರಿಗೆ ಇದು ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಏಳೂ ಜನ ಎದ್ದು ಚಪ್ಪಾಳೆ ಹೊಡೆದರು. ತಾವೂ ಅದಕ್ಕೇ ಹೋಗಿ ಬಿದ್ದದ್ದೆಂದರು. ಎರಡನೆಯ ಶಾಖೆಯವರಂತೂ ತಮ್ಮ ಉಪನನ್ನೂ ಮೊದಲೇ ತಾವೇ ಕಳಿಸಿಕೊಟ್ಟದ್ದೆಂದು ಹೇಳಿಬಿಟ್ಟರು.

ಉಪನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಇಲ್ಲಮ್ಮಾ. ನಾನು ತಪ್ಪಿಸ್ಕೊಂಡು ಓಡ್ತಾ ಇದ್ದೆ. ಇವರೇ ಅಟ್ಟಿಸ್ಕೊಂಡು ಬಂದು ಬಿದ್ರು. ನಾನು ನುಂಗಲೇ ಇಲ್ಲ."

ಹನ್ನೊಂದು ವರ್ಷದಲ್ಲಿ ಅವನು ಕಚೇರಿಯಲ್ಲಿ ಆಡಿದ ಮೊದಲ ನಿಜ ಅದು. ದೊಡ್ಡಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ನೋಡಿ, ಎಂಥ ವಿನಯ," ಎಂದರು ಸಾಹೇಬರು.

ಹದಿನೈದು ದಿನಕ್ಕೆ ಆದೇಶ ಬಂತು. ಸಾಹೇಬರು ಕೇಂದ್ರ ಕಚೇರಿಗೆ, ಸಿಬ್ಬಂದಿಯ ಬೆಳವಣಿಗೆ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥರಾಗಿ. ನಾಲ್ಕನೆಯ ಶಾಖೆಗೆ ಪ್ರಭಾರ ವ್ಯವಸ್ಥಾಪಕನಾಗಿ ಉಪ.

"ಉಪ ಹೋಗಿ ಪ್ರಭಾರ ಬಂತಾ?" ಎಂದಳು ಹೆಂಡತಿ. "ವ್ಯವಸ್ಥಾಪಕ ಅನ್ನೋದರ ಮುಂದೆ ಏನಾದ್ರೂ ಒಂದು ಅಂಟಿಸದೆ ಬಿಡೋದಿಲ್ಲ ಅವರು." ಆದರೂ ಅವಳಿಗೆ ಖುಷಿಯಾಗಿತ್ತು. ಮರುದಿನ ಈಜುಕೊಳದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಗಾಜಿನ ಹಿಂದೆ ಕುಳಿತ ಮೊದಲ ದಿನ ಮೂರು ಗಂಟೆಗೆ ನೋಡಿದರೆ, ಏಳೂ ಜನ ಬಯಲಿನಲ್ಲಿ ಚುಕ್ಕಿ ತಿನ್ನುತ್ತ ಕಾಯುತ್ತಿದ್ದಾರೆ; ಉಪನ ಹಳೆಯ ಮೇಜಿಗೆ ಬಂದ ಹೊಸಬನೂ ಸೇರಿಕೊಂಡಿದ್ದಾನೆ. ಗೋದಾಮಿನ ಹಿರಿಯರು ಬಾಗಿಲಲ್ಲಿ ತಲೆ ಹಾಕಿ, "ಬರಬಹುದಾ ಸಾರ್, ಬಾಯಿಗೆ?" ಎಂದರು.

ಉಪ ಎಲ್ಲರನ್ನೂ ಕರೆದು ಇನ್ನು ಆ ಪದ್ಧತಿ ಇಲ್ಲವೆಂದ. ಆಡುವವರು ಆಡಬಹುದು, ಕೈಲಾದವರು ಕೈಲಾದವರನ್ನು ನುಂಗಬಹುದು, ತಾನೂ ಎಲ್ಲರ ಹಾಗೇ ಒಂದು ಉಂಡೆ. ತನ್ನ ಕಿವಿಗೇ ಆ ಮಾತು ಬಹಳ ಉದಾತ್ತವಾಗಿ ಕೇಳಿಸಿತು. ಮಿಕ್ಕವರ ಮುಖಗಳಲ್ಲಿ ಸಂಶಯವಿತ್ತು. ಶೋರೂಮಿನಾಕೆ ಮಾತ್ರ, "ಬಾಯಿಮಾತಿಗಾ ಸಾರ್, ನಿಜವಾಗ್ಲೂನಾ?" ಎಂದು ಕೇಳಿದಳು.

"ನಿಜವಾಗ್ಲೂ."

ಆಕೆ ಅಂದೇ ಅವನನ್ನು ಮೂರು ಸಲ ನುಂಗಿದಳು. ಮರುದಿನ ನಾಲ್ಕು ಸಲ. ಗಿರಾಕಿಗೆ ಫೋಮಿನ ಗಟ್ಟಿತನ ವಿವರಿಸುತ್ತ, ಒಂದು ಕೈಯಲ್ಲಿ. ವರ್ಷವಿಡೀ ಸಿಕ್ಕಿಬೀಳುವುದನ್ನೇ ಪಳಗಿಸಿಕೊಂಡ ಉಪನ ಕೈಗೆ ತಪ್ಪಿಸಿಕೊಳ್ಳುವುದು ಒಗ್ಗಲಿಲ್ಲ. ನುಂಗಿದಾಗಲೆಲ್ಲ ಅವಳ ನಗು ಮೆಟ್ಟಿಲು ಹತ್ತಿ ಮೇಲಕ್ಕೆ ಬಂದು ಗಾಜಿನ ಸಂದಿಯಲ್ಲಿ ತೂರಿಕೊಳ್ಳುತ್ತಿತ್ತು. ಉಪನಿಗೆ ಆಶ್ಚರ್ಯವಾದದ್ದು ತನ್ನ ಮೇಲೆಯೇ. ಒಂದು ವರ್ಷ ದಿನಾ ನುಂಗಿಸಿಕೊಂಡವನು ತಾನು, ಒಮ್ಮೆಯೂ ನೋವಾಗಿರಲಿಲ್ಲ. ಅದು ಕರ್ತವ್ಯವಾಗಿತ್ತು. ಈಗ ಸುಮ್ಮನೆ, ನಿಯತ್ತಾಗಿ, ಆಟದಲ್ಲಿ ಸೋತು ನುಂಗಿಸಿಕೊಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆ ವಾರವೇ ಅವಳ ರಜೆ ಅರ್ಜಿ ಬಂತು. ಮನೆ ಬದಲಾಯಿಸುವುದಿತ್ತು, ಮೂರು ದಿನ ಬೇಕು. ಉಪ ಅದನ್ನು ಓದಿ ಬಲಗಡೆಯ ಫೈಲುಗಳ ಅಡಿಗೆ ಸೇರಿಸಿದ. ಮಾರನೆಯ ದಿನ ಅದು ಅಲ್ಲೇ ಇತ್ತು. ಅದರ ಮಾರನೆಯ ದಿನ ಗೋದಾಮಿನ ಹಿರಿಯರು ಬಂದು, "ಲಾರಿ ಗೊತ್ತುಮಾಡಿದಾಳಂತೆ ಪಾಪ, ನಾಳೆಗೆ" ಎಂದು ಹೇಳಿ ಹೋದರು.

ಉಪ ಗಾಜಿನಲ್ಲಿ ತನ್ನ ಪ್ರತಿಬಿಂಬ ನೋಡಿಕೊಂಡ. ಹುಬ್ಬು ಗಂಟಿಕ್ಕಿತ್ತು. ಅದರಾಚೆಗೆ ಆರೂ ಮೇಜುಗಳಲ್ಲಿ ಹುಬ್ಬುಗಳು ಅದೇ ಅಳತೆಗೆ ಗಂಟಿಕ್ಕಿದ್ದವು. ಹೊಸಬ ಅವನ ಮುಖವನ್ನು ಕದ್ದು ಕದ್ದು ಓದುತ್ತಿದ್ದ. ಉಪ ಅರ್ಜಿಯನ್ನು ಹೊರಗೆಳೆದು ರುಜು ಹಾಕಿ, ತಾನೇ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಆಕೆ ಹಾಸಿಗೆಯೊಂದರ ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಶೂ ಗುರುತು ಒರೆಸುತ್ತಿದ್ದಳು. ಕಾಗದ ತೆಗೆದುಕೊಂಡು ರುಜು ನೋಡಿ, ತಾರೀಕು ನೋಡಿ, ಅವನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

"ಎರಡು ದಿನ ತಡ ಆಯ್ತು," ಎಂದ ಉಪ. "ಕೆಲಸ ಜಾಸ್ತಿ ಇತ್ತು ಅಂತ ಹೇಳೋಣ ಅಂದ್ಕೊಂಡಿದ್ದೆ. ಇರಲಿಲ್ಲ."

"ಗೊತ್ತು ಸಾರ್." ಅವಳು ಅರ್ಜಿಯನ್ನು ನಾಲ್ಕಾಗಿ ಮಡಚಿದಳು. "ಬೇಕಾದ್ರೆ ಇನ್ಮೇಲೆ ಆಟದಲ್ಲಿ ನಿಮ್ಮನ್ನ ಬಿಟ್ಬಿಡ್ತೀನಿ. ನನಗೇನು, ಹಳೇ ಅಭ್ಯಾಸ ಇದ್ದೇ ಇದೆ."

ಉಪನಿಗೆ ಹೌದೆನ್ನಬೇಕೆನ್ನಿಸಿತು. ಎಷ್ಟು ಅನ್ನಿಸಿತೆಂದರೆ, ಬೇಡವೆಂದು ಹೇಳಲು ಅವನು ಪಕ್ಕದ ಹಾಸಿಗೆಯ ಅಂಚನ್ನು ಹಿಡಿದುಕೊಳ್ಳಬೇಕಾಯಿತು.

"ಬೇಡಮ್ಮ. ನುಂಗು. ಆದರೆ ನುಂಗಿದ ಮೇಲೆ ಅಷ್ಟು ಜೋರಾಗಿ ನಗಬೇಡ."

ಆಕೆ ಬಟ್ಟೆ ಕೊಡವಿದಳು.

"ಅದು ಕಷ್ಟ ಸಾರ್," ಎಂದಳು.